ಒಬ್ಬನೇ ಹೋಗಿದ್ದೆ, ಹದಿನಾಲ್ಕು ಜನರ ಜೊತೆ

ಹಕ್ಕಿ ಫೋಟೊ ತೆಗೆಯಲು ಒಬ್ಬರೇ ಹೋಗಬೇಕು. ಇಬ್ಬರಾದರೆ ಮಾತು ಶುರುವಾಗುತ್ತದೆ, ಮೂವರಾದರೆ ತಿಂಡಿ. ಹೀಗಂತ ನಂಬಿಕೊಂಡು ಮೇ ತಿಂಗಳ ಒಂದು ಭಾನುವಾರ ನಸುಕಿಗೇ ಮಡಿಕೇರಿಯ ರೂಮಿನಿಂದ ಹೊರಬಿದ್ದೆ. ಬೆನ್ನ ಮೇಲೆ ದೂರದ್ದನ್ನು ಹತ್ತಿರ ಎಳೆದು ತೋರಿಸುವ, ಎರಡು ಕಿಲೋ ತೂಗುವ 150-600 ಎಂಎಂ ಲೆನ್ಸು. ಜೇಬಲ್ಲಿ ಜಿಗಣೆಗೆಂದು ಉಪ್ಪಿನ ಪೊಟ್ಟಣ. ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಲೆಕ್ಕ.

ಬೇಕಿದ್ದದ್ದು ಒಂದೇ ಹಕ್ಕಿ, ಮಲಬಾರ್ ವಿಸ್ಲಿಂಗ್ ಥ್ರಶ್. ಶಾಲೆಗೆ ಚಕ್ಕರ್ ಹೊಡೆದ ಹುಡುಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಹಾಡುತ್ತದೆ. ಇಂಗ್ಲಿಷರು ಇದಕ್ಕೆ 'ವಿಸ್ಲಿಂಗ್ ಸ್ಕೂಲ್‌ಬಾಯ್' ಎಂದೇ ಹೆಸರಿಟ್ಟಿದ್ದರು. ದೂರದಿಂದ ಕಾಗೆಯಷ್ಟೇ ಕಪ್ಪು. ಬಿಸಿಲು ಬಿದ್ದರೆ ಮಾತ್ರ ಹೆಗಲ ಮೇಲಿನ ನೀಲಿ ಹೊಳೆಯುತ್ತದೆ. ತೊರೆ ಪಕ್ಕದ ಬಂಡೆ ಇದರ ಮನೆ. ಮಳೆಗಾಲ ಹತ್ತಿರ ಬಂದಂತೆ ಹಾಡು ಜಾಸ್ತಿ.

ಜೀಪ್ ಸ್ಟ್ಯಾಂಡಿನಲ್ಲಿ, "ಮಾಂದಲ್‌ಪಟ್ಟಿಗಾ ಸಾರ್? ಎಷ್ಟು ಜನ?" ಎಂದರು. ಒಬ್ಬನೇ ಎಂದೆ. ಡ್ರೈವರ್ ನನ್ನ ಹಿಂದೆ ಮುಂದೆ ಇಣುಕಿ ನೋಡಿದ. ಬಾಡಿಗೆ ಜೀಪಿಗೇ ಹೊರತು ತಲೆಗಲ್ಲ. ಹೇಗೂ ನನ್ನ ಗುಡ್ಡ ಬೇರೆ ಕಡೆ ಇತ್ತು. ಹೆಸರು ಕೇಳಬೇಡಿ. ಹೇಳಿದರೆ ಮುಂದಿನ ವಾರ ಅಲ್ಲೂ ಜೀಪು ನಿಲ್ಲುತ್ತದೆ.

ಗುಡ್ಡದ ಬುಡದಲ್ಲಿ ಒಂದು ಗೇಟು. ಪಕ್ಕದಲ್ಲಿ ಹೊಸ ಬೋರ್ಡು: 'ಶಬ್ದ ಮಾಡಬೇಡಿ. ನಮ್ಮ ಪಕ್ಷಿ ಸಂಪತ್ತನ್ನು ಉಳಿಸಿ.' ಕೆಳಗೆ ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಒಂದು ಮಕಾವ್ ಗಿಳಿಯ ಚಿತ್ರ. ಪಾಪ, ದಕ್ಷಿಣ ಅಮೆರಿಕದಿಂದ ಬಂದು ಕೊಡಗಿನಲ್ಲಿ ಡ್ಯೂಟಿ ಮಾಡುತ್ತಿದೆ.

"ಒಬ್ರೇನಾ? ಬಿಡಕ್ಕಾಗಲ್ಲ ಸಾರ್. ಆನೆ ಇದೆ," ಎಂದ ಗೇಟಿನವ.

"ಇಬ್ಬರಾದರೆ ಆನೆ ಏನೂ ಮಾಡಲ್ವಾ?"

"ಮಾಡುತ್ತೆ. ಆದ್ರೆ ಬಂದು ಹೇಳೋಕೆ ಇನ್ನೊಬ್ರು ಇರ್ತಾರಲ್ಲ."

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಟೆಂಪೊ ಟ್ರಾವೆಲರ್ ಒಂದು ಬಂದು ನಿಂತಿತು. ಅದರೊಳಗಿಂದ ಮೊದಲು ಇಳಿದದ್ದು ಹಾಡು. ಆಮೇಲೆ ಸೂಟ್‌ಕೇಸಿನಷ್ಟು ದೊಡ್ಡ ಬ್ಲೂಟೂತ್ ಸ್ಪೀಕರ್. ಅದರ ಹಿಂದೆ ಹದಿನಾಲ್ಕು ಜನ ಹುಡುಗರು. ಗೇಟಿನವನ ಮುಖ ಅರಳಿತು. "ನೋಡಿ, ಇವರ ಜೊತೆ ಸೇರ್ಕೊಂಡು ಹೋಗಿ. ಸೇಫು."

ಇನ್ನು ಟಿಕೆಟ್ಟು. ಇಲ್ಲಿ ಲೆನ್ಸಿನ ಉದ್ದಕ್ಕೆ ತಕ್ಕ ದರವಂತೆ. ನನ್ನ ಬ್ಯಾಗ್ ತೆರೆಸಿ, ಲೆನ್ಸಿನ ಮೇಲೆ ಗೇಣು ಹಾಕಿ ಅಳೆದ. ಮುಂದಿರುವ ಪ್ಲಾಸ್ಟಿಕ್ ಹುಡ್ ಲೆನ್ಸಲ್ಲ, ಬಿಸಿಲಿಗೆ ಅಡ್ಡ ಇಡುವ ಟೋಪಿ ಎಂದೆ. ಟೋಪಿಯನ್ನೂ ಸೇರಿಸಿಯೇ ಅಳೆದ. ನನಗಾದ ಹತ್ತು ಪಟ್ಟು ಲೆನ್ಸಿಗೆ ಬಿತ್ತು. ಪಕ್ಕದ ಹುಡುಗನ ಕೈಯಲ್ಲಿ ನೂರು ಪಟ್ಟು ಜೂಮ್ ಇರುವ ಫೋನು. ಅದಕ್ಕೆ ಫ್ರೀ. ಫೋನು ಚಪ್ಪಟೆ, ಗೇಣಿಗೆ ಸಿಗುವುದಿಲ್ಲ.

"ಮತ್ತೆ ಸ್ಪೀಕರ್?"

ಗೇಟಿನವ ದರಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. "ಸ್ಪೀಕರ್ ಇದರಲ್ಲಿ ಇಲ್ಲ ಸಾರ್."

"ಬೋರ್ಡಿನಲ್ಲಿ ಇದೆಯಲ್ಲ, ಶಬ್ದ ಮಾಡಬೇಡಿ ಅಂತ?"

"ಅದು ಹಾರ್ನಿಗೆ."

ಗುಂಪಿನ ರಸೀದಿಯಲ್ಲಿ 'ಜನ 14, ಕ್ಯಾಮೆರಾ 1' ಎಂದು ಬರೆದ. ದುಡ್ಡು ಕೊಟ್ಟ ನಾನೆಲ್ಲಿ ಎಂದು ಕೇಳಿದೆ. "ನೀವು ಕ್ಯಾಮೆರಾದ ಜೊತೆ ಬರ್ತೀರಲ್ಲ ಸಾರ್."

ಹೀಗೆ ನನ್ನ ಒಂಟಿ ಪಯಣ ಶುರುವಾಯಿತು. ಒಂದು ಮಾತು ಒಪ್ಪಬೇಕು. ಹುಡುಗರು ಒಳ್ಳೆಯವರು. ಚಕ್ಕುಲಿ ಕೊಟ್ಟರು, ಟ್ರೈಪಾಡ್ ಹೊತ್ತರು, ಅಂಕಲ್ ಎಂದರು. ಸ್ಪೀಕರ್ ಸ್ವಲ್ಪ ಆರಿಸ್ತೀರಾ ಎಂದರೆ, "ಯಾಕಂಕಲ್, ಈ ಹಾಡು ಬೇಡ್ವಾ?" ಎಂದು ಬೇರೆ ಹಾಡು ಹಾಕಿದರು. ಮೌನ ಅನ್ನುವುದು ಅವರ ಪಟ್ಟಿಯಲ್ಲಿ ಇಲ್ಲದ ಹಾಡು.

ಅತ್ತಿಮರದ ಮೇಲೆ ಮಂಗಟ್ಟೆ, ಅಂದರೆ ಹಾರ್ನ್‌ಬಿಲ್ ಹಕ್ಕಿಯೊಂದು ಕೂತಿತ್ತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಮಲಬಾರ್ ಬೂದು ಮಂಗಟ್ಟೆ. ಮರದ ನೆರಳಲ್ಲಿ ಬೆಳಕು ಸಾಲದು. ಕಡಿಮೆ ಬೆಳಕಲ್ಲೂ ಫೋಟೊ ಬರಲೆಂದು ಕ್ಯಾಮೆರಾದ ಐಎಸ್‌ಒ 6400ಕ್ಕೆ ಏರಿಸಿ, ಉಸಿರು ಬಿಗಿಹಿಡಿದು ಫೋಕಸ್ ಮಾಡುವಷ್ಟರಲ್ಲಿ ಹಿಂದಿನಿಂದ ಸ್ಪೀಕರ್ ಡ್ರಮ್ ಬಾರಿಸಿತು. ಮಂಗಟ್ಟೆ ತನ್ನ ಹುಚ್ಚು ನಗೆ ನಕ್ಕು ಹಾರಿತು. ಅದು ಕೂಗುವುದೇ ಹಾಗೆ ಎಂದು ಪುಸ್ತಕದಲ್ಲಿ ಓದಿದ್ದೇನೆ. ಆದರೂ ಅವತ್ತು ನನ್ನನ್ನು ನೋಡಿಯೇ ನಕ್ಕಿತು ಅನಿಸಿತು.

"ಅಂಕಲ್, ಗ್ರೂಪ್ ಫೋಟೊ ಒಂದು ತೆಗೀರಿ. ನಿಮ್ದು ದೊಡ್ಡ ಕ್ಯಾಮೆರಾ."

ಈ ಲೆನ್ಸಿನಲ್ಲಿ ಹದಿನಾಲ್ಕು ಮುಖ ಹಿಡಿಸಬೇಕೆಂದರೆ ಪಕ್ಕದ ಕಾಫಿ ತೋಟಕ್ಕೆ ಹೋಗಿ ನಿಲ್ಲಬೇಕು. ಹೋಗಿ ನಿಂತೆ. ಆ ದಿನ ನಾನು ತೆಗೆದ ಫೋಟೊಗಳಲ್ಲಿ ಚೂಪಾಗಿ ಬಂದದ್ದು ಅದೊಂದೇ. ಉಳಿದವು ನಾಲ್ಕು ಖಾಲಿ ಕೊಂಬೆ, ಒಂದು ಪಿಕಳಾರದ ಬಾಲ.

ಇನ್ನು ಸಿಳ್ಳೆಯ ಕಥೆ. ಮೊದಲ ಸಲ ಪೊದೆಯ ಹಿಂದೆ ಸಿಳ್ಳೆ ಕೇಳಿದಾಗ ಎದೆ ಧಸಕ್ಕೆಂದಿತು. ಬಗ್ಗಿ, ತೆವಳಿ, ಎರಡು ಜಿಗಣೆ ಹತ್ತಿಸಿಕೊಂಡು ಹೋಗಿ ನೋಡಿದರೆ ಗುಂಪಿನವನೊಬ್ಬ ಹಾಡಿಗೆ ತಾಳ ಕೊಡುತ್ತಿದ್ದ. ಎರಡನೇ ಸಲವೂ ಅವನೇ. ಮೂರನೇ ಸಲ ಅವನ ತಮ್ಮ.

ಹನ್ನೊಂದರ ಹೊತ್ತಿಗೆ ಸಾಕಾಗಿ, ಕ್ಯಾಮೆರಾ ಬ್ಯಾಗಿಗೆ ಹಾಕಿ, ಅವರನ್ನು ಮೇಲೆ ಬಿಟ್ಟು ಇಳಿದುಬಂದೆ. ಗೇಟಿಗೆ ಸ್ವಲ್ಪ ಮೇಲೆ ಒಂದು ತೊರೆ. ಬಂಡೆ ಮೇಲೆ ಕೂತು ಶೂ ಬಿಚ್ಚಿ ಜಿಗಣೆಗೆ ಉಪ್ಪು ಹಾಕುತ್ತಿದ್ದೆ. ಆಗ ಬೆನ್ನ ಹಿಂದೆಯೇ ಮತ್ತೆ ಸಿಳ್ಳೆ. ಸೋಮಾರಿ ಸಿಳ್ಳೆ. ಏರಿ, ಇಳಿದು, ಎಲ್ಲೋ ಮರೆತು, ಮತ್ತೆ ನೆನಪಾದಂತೆ ಎತ್ತಿಕೊಳ್ಳುವ ಸಿಳ್ಳೆ. ಇಲ್ಲಿಗೂ ಬಂದ್ರಾ ಅನಿಸಿ ತಲೆ ಕೆಟ್ಟುಹೋಯಿತು. ತಿರುಗಿ ಕೂಡ ನೋಡದೆ, ಬೆಳಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಸೇರಿಸಿ ಕಿರುಚಿದೆ: "ಏ ಮಾರಾಯ, ಸ್ವಲ್ಪ ಸುಮ್ನಿರ್ತೀಯಾ!"

ಸಿಳ್ಳೆ ಅರ್ಧಕ್ಕೆ ನಿಂತಿತು. ಕಪ್ಪು ಹಕ್ಕಿಯೊಂದು ನನ್ನ ತಲೆ ಮೇಲಿಂದಲೇ ಹಾದು ತೊರೆ ದಾಟಿತು. ಬಿಸಿಲಿಗೆ ಅದರ ಹೆಗಲು ಒಂದು ಕ್ಷಣ ನೀಲಿ ಹೊಳೆಯಿತು.

ಶೂ ಕೈಯಲ್ಲಿ ಹಿಡಿದು ಗೇಟಿಗೆ ಬಂದೆ. ಗೇಟಿನವ ಎದ್ದು ನಿಂತ. "ಈಗ ಕಿರುಚಿದ್ದು ಯಾರು ಸಾರ್, ನೀವಾ? ಇಲ್ಲಿವರೆಗೂ ಕೇಳಿಸ್ತು. ಬೋರ್ಡ್ ನೋಡ್ಲಿಲ್ವಾ?"