‘ಮನೆಯಲ್ಲೇ ಇರಿ’ ಅನ್ನುವ ಮಾತು ಒಂದು ದಿನ ಮೊದಲು ಬರಬೇಕಿತ್ತು

ಡಿಸೆಂಬರ್ ಬಂತೆಂದರೆ ಊರಿನ ಗೆಳೆಯರದ್ದೆಲ್ಲ ಒಂದೇ ಕೇಳಿಕೆ. "ಈ ಸಲ ಕ್ರಿಸ್‌ಮಸ್‌ಗೆ ನಿಮ್ಮಲ್ಲಿ ಸ್ನೋ ಬೀಳುತ್ತಾ? ಬಿದ್ದರೆ ಫೋಟೋ ಹಾಕಿ." ಹಾಕುತ್ತೇನೆ. ಹಿಮ ನೋಡಲು ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಕ್ರಿಸ್‌ಮಸ್ಸನ್ನು ಬಫಲೋದಲ್ಲಿ, ಮುಂಬಾಗಿಲು ತೆರೆಯಲಾಗದ ಮನೆಯೊಳಗೆ ಕಳೆದವಳು ನಾನು. ಆ ನಾಲ್ಕೈದು ದಿನಗಳ ಬಗ್ಗೆ ಒಂದು ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಫಲೋ ಇರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರಿ ಸರೋವರದ ಪೂರ್ವದ ಮೂಲೆಯಲ್ಲಿ. ಸರೋವರ ಉದ್ದಕ್ಕೆ ಸುಮಾರು 390 ಕಿ.ಮೀ. ಡಿಸೆಂಬರಿನಲ್ಲಿ ಅದರ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಕೊರೆಯುವ ಗಾಳಿ ಆ ಉದ್ದಕ್ಕೂ ನೀರಿನ ಮೇಲೆ ಬೀಸುತ್ತಾ ತೇವ ಹೀರಿಕೊಂಡು ಬಂದು ನಮ್ಮ ನೆತ್ತಿಯ ಮೇಲೆ ಸುರಿಯುತ್ತದೆ. ಹಾಗಾಗಿ ಹಿಮ ಇಲ್ಲಿನವರಿಗೆ ಹೊಸದಲ್ಲ. ಆ ಸಲದ್ದೇ ಬೇರೆ. ಗಂಟೆಗೆ 56 ಕಿ.ಮೀ. ಮೀರಿದ ಗಾಳಿ, 400 ಮೀಟರ್ ಆಚೆ ಏನೂ ಕಾಣದ ಸ್ಥಿತಿ, ಇವೆರಡೂ ಮೂರು ಗಂಟೆ ಇದ್ದರೆ ಅದನ್ನು ಬ್ಲಿಝರ್ಡ್ ಅನ್ನುತ್ತಾರೆ. ನಮ್ಮಲ್ಲಿ ಅದು 37 ಗಂಟೆ ನಡೆಯಿತು. ಎಲ್ಲ ನಿಲ್ಲುವ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿ ಅಳೆದ ಹಿಮ ಸುಮಾರು 132 ಸೆಂ.ಮೀ.

ಡಿಸೆಂಬರ್ 23, ಶುಕ್ರವಾರ. ಬೆಳಿಗ್ಗೆ ಎದ್ದಾಗ ಮಳೆ ಹನಿಯುತ್ತಿತ್ತು. ಮಧ್ಯಾಹ್ನಕ್ಕೆ ಎದುರು ಮನೆ ಮಾಯ.

ನಮ್ಮ ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಹೊಗೆ ಹೊರಗೆ ಹೋಗುವುದು ಪಕ್ಕದ ಗೋಡೆಯ ಒಂದು ಬಿಳಿ ಪೈಪಿನಿಂದ. ನೆಲದಿಂದ ಎರಡಡಿ ಮೇಲಿದೆ. ಅದು ಹಿಮದಲ್ಲಿ ಮುಚ್ಚಿಹೋದರೆ ಒಂದೋ ಫರ್ನೇಸ್ ನಿಂತು ಮನೆ ತಣ್ಣಗಾಗುತ್ತದೆ, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿಕೊಳ್ಳುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ಎರಡು ಗಂಟೆಗೊಮ್ಮೆ, ರಾತ್ರಿಯೂ ಅಲಾರಂ ಇಟ್ಟುಕೊಂಡು, ಗ್ಯಾರೇಜಿನ ಕಡೆಯಿಂದ ಹೊರಬಿದ್ದು ಆ ಪೈಪಿನ ಬಾಯಿ ಬಿಡಿಸಿ ಬರುತ್ತಿದ್ದೆವು. ಇರುವುದು ಹತ್ತು ಹೆಜ್ಜೆ ದೂರ. ಎಡಗೈಯನ್ನು ಗೋಡೆಯಿಂದ ತೆಗೆಯುವ ಹಾಗಿರಲಿಲ್ಲ. ಒಮ್ಮೆ ತೆಗೆದೆ. ಎರಡೇ ಕ್ಷಣ. ಸುತ್ತ ಬರೀ ಬಿಳಿ, ಕಿವಿಯಲ್ಲಿ ಗಾಳಿಯ ಮೊರೆತ, ನನ್ನ ಮನೆ ಯಾವ ಕಡೆಗಿದೆ ಅನ್ನುವುದೇ ಗೊತ್ತಾಗಲಿಲ್ಲ. ಕೈಗೆ ಮತ್ತೆ ಗೋಡೆ ತಾಗಿದಾಗ ಅಳು ಬಂತು.

ಇಷ್ಟಾದರೂ ನಮ್ಮದು ಪುಣ್ಯದ ಮನೆ. ಕರೆಂಟು ಹೋಗಲಿಲ್ಲ. ಗ್ಯಾಸ್ ಫರ್ನೇಸ್ ಅಂದರೆ ಕರೆಂಟು ಬೇಕಿಲ್ಲ ಎಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ಕಿಡಿ ಹೊತ್ತಿಸಲು, ಬಿಸಿಗಾಳಿ ನೂಕುವ ಫ್ಯಾನ್ ತಿರುಗಲು ಕರೆಂಟೇ ಬೇಕು. ನಗರದ ಪೂರ್ವ ಭಾಗದಲ್ಲಿ ಬಾಡಿಗೆಗಿದ್ದ ನನ್ನ ಸಹೋದ್ಯೋಗಿಯ ಮನೆಯಲ್ಲಿ ಶುಕ್ರವಾರ ಸಂಜೆಯೇ ಕರೆಂಟು ಹೋಯಿತು. ಮನೆಯಲ್ಲಿ ಒಂದೂವರೆ ವರ್ಷದ ಕೂಸು. ಫೋನಿನ ಚಾರ್ಜ್ ಉಳಿಸಲು ಮೂರು ಗಂಟೆಗೊಮ್ಮೆ ಒಂದು ನಿಮಿಷ ಮಾತು ಎಂದು ಗೊತ್ತುಮಾಡಿಕೊಂಡೆವು. ಶನಿವಾರ ಬೆಳಿಗ್ಗೆ ಅವಳು ಹೇಳಿದ್ದು: "ಕಿಟಕಿ ಗಾಜಿನ ಒಳಮಗ್ಗುಲಿಗೇ ಮಂಜು ಕಟ್ಟಿದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತೆ. ಗ್ಯಾಸ್ ಸ್ಟವ್ ಹಚ್ಚಿಟ್ಟು ಕೂತಿದ್ದೀವಿ." ಸ್ಟವ್ ಆರಿಸು, ಮೂವರೂ ಒಂದೇ ರೂಮಿನಲ್ಲಿ ಒಂದೇ ಹೊದಿಕೆಯೊಳಗೆ ಮಲಗಿ ಎಂದು ಕಿರುಚಿದೆ. ಕಿರುಚುವುದು ಬಿಟ್ಟು ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ. ಆಂಬುಲೆನ್ಸ್, ಫೈರ್ ಇಂಜಿನ್ನುಗಳೇ ದಾರಿಯಲ್ಲಿ ಹೂತು ನಿಂತಿದ್ದವು.

ಅವಳ ಗಂಡನ ಕಥೆಯನ್ನು ಹೇಳಲೇಬೇಕು. ಅವನು ಅಂಗಡಿಯೊಂದರಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ದುಡಿಯುವವನು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಶಿಫ್ಟು. ಬರದಿದ್ದರೆ ಆ ದಿನದ ಸಂಬಳವಿಲ್ಲ, ಹಬ್ಬದ ವಾರ ಬೇರೆ. ಹೋದ. ಹತ್ತು ಗಂಟೆಗೆ "ಎಲ್ಲರೂ ಮನೆಗೆ ಹೋಗಿ" ಎಂದರು. ಕಾರು ಎರಡನೇ ತಿರುವಿನಲ್ಲೇ ಹೂತಿತು. ಉಳಿದ ಎರಡು ಕಿ.ಮೀ. ನಡೆದು, ನಡುವೆ ಯಾರದೋ ಮನೆಯಲ್ಲಿ ಕೂತು, ಕತ್ತಲಾದ ಮೇಲೆ ಮನೆ ಸೇರಿದ. ಎರಡು ಬೆರಳ ತುದಿ ಕಪ್ಪಾಗಿತ್ತು.

ಆ ಬಿರುಗಾಳಿಗೆ ಬಫಲೋ ಸೇರಿರುವ ಈರಿ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಸತ್ತವರು 47 ಮಂದಿ. "ಹೇಳಿದ ಮಾತು ಕೇಳದೆ ಹೊರಗೆ ಹೋದವರು" ಎಂದು ಆಮೇಲೆ ಎಷ್ಟು ಜನ ಅಂದರು! ನನಗೆ ಇವತ್ತಿಗೂ ಸಿಟ್ಟು ಬರುವುದು ಇಲ್ಲೇ. ಹವಾಮಾನ ಇಲಾಖೆ ದಿನಗಳ ಮೊದಲೇ, ತಲೆಮಾರಿಗೊಮ್ಮೆ ಬರುವಂಥದ್ದು ಇದು ಎಂದು ಎಚ್ಚರಿಸಿತ್ತು. ವಾಹನ ಓಡಿಸಬಾರದು ಎಂಬ ಆದೇಶ ಜಾರಿಯಾದದ್ದು ಮಾತ್ರ ಶುಕ್ರವಾರ ಬೆಳಿಗ್ಗೆ 9.30ಕ್ಕೆ. ಅಷ್ಟರಲ್ಲಿ ಬೆಳಗಿನ ಪಾಳಿಯವರೆಲ್ಲ ಮನೆ ಬಿಟ್ಟಾಗಿತ್ತು. ಗುರುವಾರ ರಾತ್ರಿಯೇ ಆ ಆದೇಶ ಬಂದಿದ್ದರೆ ಯಾವ ಮಾಲೀಕನೂ ಶಿಫ್ಟಿಗೆ ಬಾ ಎನ್ನುತ್ತಿರಲಿಲ್ಲ. ಅಲ್ಲದೆ ಸತ್ತವರೆಲ್ಲ ಬೀದಿಯಲ್ಲಿ ಸತ್ತವರಲ್ಲ. ಕೆಲವರು ಕಾರಿನಲ್ಲಿ, ಕೆಲವರು ಹಿಮ ಎತ್ತುವಾಗ ಎದೆ ಹಿಡಿದುಕೊಂಡು, ಇನ್ನು ಕೆಲವರು ಬಿಸಿಯಿಲ್ಲದ ತಮ್ಮ ಮನೆಯಲ್ಲೇ, ಬಾರದ ಆಂಬುಲೆನ್ಸಿಗೆ ಕಾಯುತ್ತಾ. ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ. ಕೌಂಟಿಯ ಜನಸಂಖ್ಯೆಯಲ್ಲಿ ಅವರಿರುವುದು ಏಳರಲ್ಲಿ ಒಂದು ಪಾಲಿನಷ್ಟು. ಯಾರ ಮನೆ ಹಳೆಯದು, ಯಾರಿಗೆ ರಜೆ ಹಾಕುವ ಸ್ವಾತಂತ್ರ್ಯವಿಲ್ಲ ಎಂಬುದನ್ನು ಹಿಮ ಆರಿಸಿದ್ದಲ್ಲ.

ಬಫಲೋ ಪಕ್ಕದ ಚೀಕ್‌ಟೊವಾಗಾದಲ್ಲಿ ಕಾರು ಹೂತುಹೋದ ಒಬ್ಬ ಮನುಷ್ಯ ಶಾಲೆಯೊಂದರ ಕಿಟಕಿ ಒಡೆದು ಒಳಹೊಕ್ಕು, ದಾರಿಯಲ್ಲಿ ಸಿಕ್ಕಿಬಿದ್ದಿದ್ದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಕರೆತಂದು ಉಳಿಸಿದ. ಹೋಗುವಾಗ ಕಿಟಕಿ ಒಡೆದದ್ದಕ್ಕೆ ಕ್ಷಮೆ ಕೇಳಿ ಚೀಟಿ ಬರೆದಿಟ್ಟ. ದೊಡ್ಡ ಮನಸ್ಸು, ಕೈಮುಗಿಯುತ್ತೇನೆ. ಆದರೆ ಬಿಸಿ ಇದ್ದ ಆ ಶಾಲೆಯ ಬಾಗಿಲಿಗೆ ಅಂಥ ರಾತ್ರಿ ಬೀಗ ಯಾಕಿರಬೇಕಿತ್ತು? ಪ್ರತಿ ಬಡಾವಣೆಯಲ್ಲೂ ನಡೆದು ಹೋಗುವಷ್ಟು ಹತ್ತಿರ, ಜನರೇಟರ್ ಇರುವ ಒಂದು ಕಟ್ಟಡದ ಬಾಗಿಲು ಬಿರುಗಾಳಿಗೆ ಮೊದಲೇ ತೆರೆದಿರಬೇಕು. ಗಂಟೆ ಸಂಬಳದವರಿಗೆ ಎಚ್ಚರಿಕೆಯ ದಿನ ಸಂಬಳ ಸಹಿತ ರಜೆ ಸಿಗಬೇಕು. ಇವೆರಡನ್ನು ನಾನು ಇಲ್ಲಿನ ಸಭೆಗಳಲ್ಲಿ ಎದ್ದು ನಿಂತು ಕೇಳಿದ್ದೇನೆ, ಮುಂದೆಯೂ ಕೇಳುತ್ತೇನೆ.

ನಗರದಲ್ಲಿ ವಾಹನ ನಿಷೇಧ ತೆಗೆದದ್ದು 29ರಂದು. ಅವತ್ತೇ ಅವಳ ಮನೆಗೆ ಹೋದೆ. ಕೂಸು ಮೂರು ಸ್ವೆಟರಿನೊಳಗೆ ಉಂಡೆಯಂತೆ ಕೂತಿತ್ತು, ಮೂಗು ಮಾತ್ರ ಕೆಂಪು. ಅವಳ ಗಂಡ ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಬಾಗಿಲು ತೆರೆದ.

ಈಗ ಹಿಮದ ಎಚ್ಚರಿಕೆ ಫೋನಿಗೆ ಬಂದ ಕೂಡಲೇ ಅವಳಿಗೆ ಕರೆ ಮಾಡುತ್ತೇನೆ. ಹಾಲು ತಂದಿದ್ದೀಯಾ, ಟಾರ್ಚ್ ಇದೆಯಾ, ಇವೆಲ್ಲ ಆಮೇಲೆ. ಮೊದಲು ಕೇಳುವುದು, "ನಾಳೆ ಅವನಿಗೆ ರಜೆ ಕೊಟ್ಟರಾ?"