ಗೋಡೆ ಕೆಡವಿದ ಫಾರಂ 7

ಟೆಸ್ಟ್ ಕ್ರಿಕೆಟ್ಟಿನಲ್ಲಿ 31,258 ಎಸೆತ ಎದುರಿಸಿದ ಆಸಾಮಿಯನ್ನು ಔಟ್ ಮಾಡುವುದು ಹೇಗೆ? ಮೆಕ್‌ಗ್ರಾ, ಡೊನಾಲ್ಡ್, ಅಖ್ತರ್‌ನಂಥ ವೇಗದ ಬೌಲರುಗಳು ಬೆವರು ಸುರಿಸಿದ್ದು ಇದಕ್ಕೇ. ಸುಮ್ಮನೆ ಓಡಿದರು ಪಾಪ. ನಮ್ಮ ಚುನಾವಣಾ ಕಚೇರಿಯಲ್ಲಿ ಕೇಳಿದ್ದರೆ ಒಂದು ಕಾಗದ ಕೊಟ್ಟು ಕಳಿಸುತ್ತಿದ್ದರು.

2019ರ ಲೋಕಸಭಾ ಚುನಾವಣೆ. ‘ಗೋಡೆ’ ಅಂತಲೇ ಹೆಸರಾದ ಆ ಆಸಾಮಿ, ರಾಹುಲ್ ದ್ರಾವಿಡ್, ಕರ್ನಾಟಕದ ಚುನಾವಣಾ ರಾಯಭಾರಿ. ತಪ್ಪದೆ ಮತ ಹಾಕಿ ಅಂತ ಊರೆಲ್ಲ ಅವರ ನಗುಮುಖ. ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಮತದಾನ. ಪೋಸ್ಟರಿನಲ್ಲಿದ್ದ ದ್ರಾವಿಡ್ ಮತದಾರರ ಪಟ್ಟಿಯಲ್ಲಿ ಇರಲಿಲ್ಲ.

ಆಗಿದ್ದಿಷ್ಟೇ. ಇಂದಿರಾನಗರದಿಂದ ಅಶ್ವತ್ಥನಗರಕ್ಕೆ ಮನೆ ಬದಲಾಯಿತು. ಮನೆಯವರೊಬ್ಬರು ಹೆಸರು ತೆಗೆಸುವ ಫಾರಂ 7 ಕೊಟ್ಟರು, ಹಳೇ ವಿಳಾಸದಲ್ಲಿದ್ದ ಹೆಸರು ಹೋಯಿತು. ಹೊಸ ವಿಳಾಸದಲ್ಲಿ ಸೇರಿಸಲು ಫಾರಂ 6 ಬೇಕಿತ್ತು, ಅದು ಗಡುವಿನೊಳಗೆ ಹೋಗಲಿಲ್ಲ. ಈ ಆಟದ ನಿಯಮ ನೋಡಿ: ಹೆಸರು ತೆಗೆಸಲು ಬೇರೆಯವರ ಸಹಿ ನಡೆಯುತ್ತದೆ, ಸೇರಿಸಲು ಮಾತ್ರ ಸ್ವತಃ ನೀವೇ ಘೋಷಣೆಗೆ ಸಹಿ ಹಾಕಬೇಕು. ಅಪೀಲು ಯಾರಾದರೂ ಮಾಡಬಹುದು, ರಿವ್ಯೂ ಮಾತ್ರ ಬ್ಯಾಟ್ಸ್‌ಮನ್ನೇ ಕೇಳಬೇಕು ಅನ್ನುವ ಹಾಗೆ. ಸಿಬ್ಬಂದಿ ಎರಡು ಸಲ ಮನೆ ಬಾಗಿಲಿಗೆ ಹೋಗಿದ್ದರು, ದ್ರಾವಿಡ್ ವಿದೇಶದಲ್ಲಿದ್ದರು ಅಂತ ಅಧಿಕಾರಿಗಳ ವಿವರಣೆ. ಮನೆಗೆ ಹುಡುಕಿಕೊಂಡು ಹೋಗುವಷ್ಟು ಖ್ಯಾತಿ ನಮಗೆ ನಿಮಗೆಲ್ಲಿ ಬರಬೇಕು!

ಸಿಡ್ನಿಯಲ್ಲಿ 2008ರಲ್ಲಿ ಇದೇ ಮನುಷ್ಯ 18 ರನ್ನಿನಲ್ಲೇ 40 ಎಸೆತ ನಿಂತು ಕೊನೆಗೊಂದು ರನ್ ತೆಗೆದಾಗ ಜನ ಚಪ್ಪಾಳೆ ತಟ್ಟಿದರು, ಅವರೂ ಬ್ಯಾಟ್ ಎತ್ತಿ ತೋರಿಸಿದರು. ಫಾರಂ 6ರ ಮುಂದೆ ಆ ತಾಳ್ಮೆ ಮೂರು ಕಾಸಿಗೆ ಬಾರದು. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಬೂತ್ ಅಧಿಕಾರಿ ಮನೆ ನೋಡಿ ಬರಬೇಕು. ಹಾಗಾಗಿ ನಾಮಪತ್ರದ ಕೊನೇ ದಿನಕ್ಕೆ ಹತ್ತು ದಿನ ಮೊದಲೇ ಅರ್ಜಿ ಒಳಗಿರಬೇಕು. ಆಮೇಲೆ ಟೆಸ್ಟಿನ 13,288 ರನ್ ತೋರಿಸಿದರೂ ಪಟ್ಟಿ ತೆರೆಯುವುದಿಲ್ಲ. ಜೇಬಿನಲ್ಲಿ ಗುರುತಿನ ಚೀಟಿ ಇದೆಯಲ್ಲ ಅಂತ ಬೂತಿನಲ್ಲಿ ಜಗಳಕ್ಕೆ ನಿಲ್ಲುವವರಿಗೂ ಇದೇ ಉತ್ತರ: ಚೀಟಿ ಬೇರೆ, ಪಟ್ಟಿ ಬೇರೆ.

ಇದರಲ್ಲಿ ಒಂದು ಅಕ್ಷರವೂ ಪೋಸ್ಟರಿನಲ್ಲಿ ಇರುವುದಿಲ್ಲ. ಕ್ರಿಕೆಟಿಗನ ಮುಖ ಮುಕ್ಕಾಲು ಭಾಗ, ತಾರೀಖು ಕಾಲು ಭಾಗ. ಫಾರಂ ನಂಬರಿಗೆ ಜಾಗವೆಲ್ಲಿ? 2022ರಿಂದ ಮನೆ ಬದಲಾಯಿಸಿದವರಿಗೆ ಫಾರಂ 8 ಒಂದೇ ಸಾಕು, ಹೆಸರು ತೆಗೆಸಿ ಮತ್ತೆ ಸೇರಿಸುವ ಎರಡು ಇನಿಂಗ್ಸ್ ಬೇಕಿಲ್ಲ. ಅದನ್ನಾದರೂ ಯಾವ ಸ್ಟಾರ್ ಬಾಯಲ್ಲಿ ಕೇಳಿದಿರಿ?

ಎರಡು ವರ್ಷ ಕಳೆದು, 2021ರಲ್ಲಿ, ಜಾಹೀರಾತೊಂದು ಬಂತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದ್ರಾವಿಡ್ ಕಾರಿನಿಂದೆದ್ದು ಬ್ಯಾಟ್ ಬೀಸುತ್ತ, ತಾನು ಇಂದಿರಾನಗರದ ಗೂಂಡಾ ಅಂತ ಅರಚಿದರು. ದೇಶವೆಲ್ಲ ಕುಣಿಯಿತು. ಇಂದಿರಾನಗರದ ಮತದಾರರ ಪಟ್ಟಿಯನ್ನು ಮಾತ್ರ ಯಾರೂ ತೆಗೆದು ನೋಡಲಿಲ್ಲ.