ಸವೆದ ಹಬ್‌ಗೆ ಪಂಚ್ ಹೊಡೆಯಬೇಡಿ

ನಮ್ಮ ಮನೆಯ ಮಾರುತಿ 800 ಗಾಡಿಯ ಮುಂದಿನ ಬಲಗಡೆ ಚಕ್ರದ ಬೇರಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಹೋಯಿತು. ಎರಡು ಸಲವೂ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ್ದೆ. ಮೂರನೇ ಸಲ ಶಬ್ದ ಬಂದಾಗ ನಾನೇ ಮನೆ ಮುಂದೆ ಬಿಚ್ಚಿ ಕೂತೆ. ಅಲ್ಲಿ ಕಂಡದ್ದನ್ನು ನಾಲ್ಕು ಜನಕ್ಕೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಉದ್ದ ಇದೆ. ಹಳೇ ಗಾಡಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಗಾಡಿ 1999ರದ್ದು. ಅಪ್ಪಾಜಿ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತಗೊಂಡದ್ದು. 15 ವರ್ಷ ತುಂಬಿದಾಗ ಆರ್‌ಸಿ ರಿನ್ಯೂವಲ್ ಮಾಡಿಸಿ ಗ್ರೀನ್ ಟ್ಯಾಕ್ಸ್ ಕಟ್ಟಿದೆವು. ಆಮೇಲೆ ಐದು ವರ್ಷಕ್ಕೊಮ್ಮೆ ಮತ್ತೆ ಅದೇ ಓಡಾಟ. 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ಬಿಡಿಭಾಗಕ್ಕೆ ಇವತ್ತಿಗೂ ಬರ ಇಲ್ಲ. ವಾರಕ್ಕೆ ಎರಡು ಮೂರು ದಿನ ಮೈಸೂರಿನಿಂದ ಮಂಡ್ಯಕ್ಕೆ ನಾನು ಅದರಲ್ಲೇ ಹೋಗಿ ಬರುತ್ತೇನೆ.

ಶಬ್ದ ಮೊದಲು ಗೊತ್ತಾದದ್ದು ಕಳಸ್ತವಾಡಿ ಹತ್ತಿರ. ಸ್ಪೀಡು ಐವತ್ತು ದಾಟಿದರೆ ಸಾಕು, ಕಾಲಡಿ ರಾಗಿಕಲ್ಲು ತಿರುಗಿದ ಹಾಗೆ ಗೊರಗೊರ ಅನ್ನುತ್ತಿತ್ತು. ಟೈರ್ ಸವೆದಿರಬೇಕು ಅಂದುಕೊಂಡೆ. ಸುಮಾರು ಜನ ಇಲ್ಲೇ ಮೋಸ ಹೋಗುತ್ತಾರೆ. ಟೈರಿನ ಶಬ್ದ ರಸ್ತೆ ಬದಲಾದರೆ ಬದಲಾಗುತ್ತದೆ. ಹಳೇ ಡಾಂಬರಿನ ಮೇಲೆ ಒಂದು ಥರ, ಹೊಸ ಡಾಂಬರಿನ ಮೇಲೆ ಇನ್ನೊಂದು ಥರ. ಬೇರಿಂಗ್ ಶಬ್ದ ಹಾಗಲ್ಲ. ರಸ್ತೆ ಯಾವುದಾದರೂ ಸ್ಪೀಡ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ.

ಯಾವ ಕಡೆಯದು ಅಂತ ಕಂಡುಹಿಡಿಯೋಕೆ ನಮ್ಮ ಚಾಮುಂಡಿ ಬೆಟ್ಟದ ರಸ್ತೆಗಿಂತ ಒಳ್ಳೇ ಜಾಗ ಬೇಕಾ? ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಜಾಸ್ತಿ ಆದರೆ ಬಲಗಡೆ ಬೇರಿಂಗ್. ಬಲಕ್ಕೆ ತಿರುಗುವಾಗ ಜಾಸ್ತಿ ಆದರೆ ಎಡಗಡೆಯದು. ಆಮೇಲೆ ಜಾಕ್ ಹಾಕಿ ಖಾತ್ರಿ ಮಾಡಿಕೊಳ್ಳಿ. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಇಲ್ಲವೇ ಸಸ್ಪೆನ್ಷನ್‌ನ ಬಾಲ್ ಜಾಯಿಂಟ್. ಬರೀ ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಕಡೆ ನೋಡಿ. ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಟ್ಟುಕೊಳ್ಳಿ. ಬೇರಿಂಗ್ ಹೋಗಿದ್ದರೆ ಒಳಗೆ ಮರಳು ಅರೆಯುತ್ತಿರುವುದು ಬೆರಳಿಗೆ ಗೊತ್ತಾಗುತ್ತದೆ. ಕಿವಿಗೆ ಕೇಳದಿದ್ದರೂ ಬೆರಳಿಗೆ ತಿಳಿಯುತ್ತದೆ.

ಮೊದಲ ಸಲ ಗ್ಯಾರೇಜಿಗೆ ಬಿಟ್ಟಾಗ ಒಂದೂವರೆ ಗಂಟೆಯಲ್ಲಿ ಮುಗಿಸಿಕೊಟ್ಟರು. ಗ್ಯಾರೇಜಿನ ಹೆಸರು ಬೇಡ. ಐದು ತಿಂಗಳು ಸುಮ್ಮನಿದ್ದ ಶಬ್ದ ಮತ್ತೆ ಶುರುವಾಯಿತು. ಎರಡನೇ ಸಲ ಅಲ್ಲಿಗೇ ಹೋದೆ. "ಮಾಲೇ ಡೂಪ್ಲಿಕೇಟ್ ಬರ್ತಿದೆ ಸಾರ್, ನಾವೇನ್ ಮಾಡೋಣ" ಅಂದರು. ನಂಬಿದೆ. ಆ ಸಲ ಬಂದದ್ದು ನಾಲ್ಕೇ ತಿಂಗಳು.

ಹೋದ ತಿಂಗಳು ಎರಡು ದಿನ ರಜೆ ಹಾಕಿ ಕೂತೆ. ಟಾರ್ಚ್ ಹಿಡಿಯೋಕೆ ಪಿಯುಸಿ ಓದುವ ಮಗಳು.

ಕೆಲಸದಲ್ಲಿ ಮೊದಲ ಹೆಜ್ಜೆಯೇ ಮುಖ್ಯ. ಚಕ್ರದ ನಡುವಿನ ದೊಡ್ಡ ನಟ್ಟನ್ನು ಗಾಡಿ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಬೇಕು. ನಟ್ಟು ತಾನಾಗಿ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಬ್ರೇಕ್ ತುಳಿದು ಕೂರಬೇಕು. ನಾನು ಸಾಕೆಟ್ ಹಿಡಿಗೆ ನಾಲ್ಕು ಅಡಿ ಕಬ್ಬಿಣದ ಪೈಪ್ ಸೇರಿಸಿ ಎತ್ತಿದೆ. ಜಾಕ್ ಮೇಲೆ ನಿಂತ ಗಾಡಿಯಲ್ಲಿ ಈ ಬಲ ಹಾಕಿದರೆ ಗಾಡಿ ಉರುಳಿ ಮೈಮೇಲೆ ಬರುತ್ತದೆ.

ನಮ್ಮ ಕಡೆ ಜಾಕ್ ಜೊತೆಗೆ ಸೈಜುಗಲ್ಲು, ಸಿಮೆಂಟ್ ಬ್ಲಾಕ್ ಕೊಡುವುದು ರೂಢಿ. ಬೇಡ. ಟೊಳ್ಳು ಬ್ಲಾಕ್ ಹೇಳದೆ ಕೇಳದೆ ಪುಡಿಯಾಗುತ್ತದೆ. ಒಂದು ಜೊತೆ ಜಾಕ್ ಸ್ಟ್ಯಾಂಡ್ ತಗೊಳ್ಳಿ. ಬಿಚ್ಚಿದ ಚಕ್ರವನ್ನೂ ಸ್ಟೆಪ್ನಿಯನ್ನೂ ಗಾಡಿಯ ಅಡಿಗೆ ತಳ್ಳಿ ಇಡಿ. ಎಲ್ಲಾ ಕೈಕೊಟ್ಟರೂ ಆ ಎರಡು ಟೈರು ಪ್ರಾಣ ಉಳಿಸುತ್ತವೆ. ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಪೈಪಿನಲ್ಲೇ ನೇತಾಡಲು ಬಿಟ್ಟರೆ ಪೈಪ್ ಒಳಗಿಂದೊಳಗೇ ಸೀಳಬಹುದು. ಈಗ ಹಬ್, ಅಂದರೆ ಚಕ್ರವನ್ನು ಬಿಗಿಯುವ ನಡುವಿನ ತುಂಡು, ಅದನ್ನು ಎಳೆಯಬೇಕು. ಹಬ್ ಬೇರಿಂಗಿನೊಳಗೆ ಎಷ್ಟು ಬಿಗಿಯಾಗಿ ಕೂತಿರುತ್ತದೆ ಅಂದರೆ ಎಳೆದು ತೆಗೆಯುವ ಸಾಧನ, ಪುಲ್ಲರ್, ಇಲ್ಲದೆ ಬರುವುದಿಲ್ಲ. ಅದಕ್ಕೇ ಒಂದು ಪುಲ್ಲರ್ ತಂದಿಟ್ಟುಕೊಂಡಿದ್ದೆ.

ಪುಲ್ಲರ್ ಬೇಕೇ ಆಗಲಿಲ್ಲ. ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿದೆ, ಹಬ್ ಈಚೆ ಬಂದುಬಿಟ್ಟಿತು. ಕೆಲಸ ಸಲೀಸಾಯಿತು ಅಂತ ಒಂದು ಕ್ಷಣ ಖುಷಿ ಆಯಿತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಮಗಳು "ಅಪ್ಪಾ, ಇದೇನು ಚುಕ್ಕಿ ಚುಕ್ಕಿ?" ಅಂದಳು.

ಬೇರಿಂಗ್ ಕೂರುವ ಜಾಗದಲ್ಲಿ, ಕನ್ನಡಿಯ ಹಾಗೆ ನುಣ್ಣಗೆ ಇರಬೇಕಾದ ಕಡೆ, ಸುತ್ತಲೂ ಸಿಡುಬಿನ ಕಲೆಯಂಥ ಗುಳಿಗಳು. ಸೆಂಟರ್ ಪಂಚ್ ಅನ್ನುವ ಚೂಪು ಮೊನೆಯ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಎಣಿಸಿದೆವು. ಮೂವತ್ತಕ್ಕಿಂತ ಜಾಸ್ತಿ ಇದ್ದವು. ಗುಳಿಗಳ ಸುತ್ತ ಎದ್ದಿದ್ದ ಅಂಚುಗಳು ಸವೆದು ಹೊಳೆಯುತ್ತಿದ್ದವು. ನಡುನಡುವೆ ಕೆಂಪು ಮಿಶ್ರಿತ ಕಂದು ಪುಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಉದುರಿದ ತುಕ್ಕು ಅದು.

ಇದರ ಅರ್ಥ ಏನು ಅಂತ ಬಿಡಿಸಿ ಹೇಳುತ್ತೇನೆ. ಬೇರಿಂಗಿಗೆ ಎರಡು ಬಳೆ. ಹೊರಗಿನ ಬಳೆ ನಕಲ್ (ಚಕ್ರವನ್ನು ಸಸ್ಪೆನ್ಷನ್‌ಗೆ ಸೇರಿಸುವ ಎರಕದ ತುಂಡು) ಒಳಗೆ ಅಲುಗಾಡದೆ ಕೂರಬೇಕು. ಒಳಗಿನ ಬಳೆ ಹಬ್‌ನ ಜೊತೆ ಒಂದೇ ತುಂಡಿನ ಹಾಗೆ ತಿರುಗಬೇಕು. ತಿರುಗುವ ವ್ಯವಹಾರವೆಲ್ಲ ಈ ಎರಡು ಬಳೆಗಳ ನಡುವಿನ ಗುಂಡುಗಳದ್ದು. ಹಬ್ ಸವೆದರೆ ಒಳಗಿನ ಬಳೆ ಹಬ್‌ನ ಮೇಲೆಯೇ ಜಾರಿ ಸುತ್ತಲು ಶುರು ಮಾಡುತ್ತದೆ. ಕಾವು ಏರುತ್ತದೆ. ಗ್ರೀಸ್ ನೀರಾಗಿ ಹರಿದುಹೋಗುತ್ತದೆ. ಎಷ್ಟೇ ಒಳ್ಳೇ ಬೇರಿಂಗ್ ಆದರೂ ಸಾಯುತ್ತದೆ.

ಆಗ ಕೆಲವರು ಮಾಡುವ ಕೆಲಸ ಈ ಪಂಚ್. ಗುಳಿ ಬಿದ್ದ ಕಡೆ ಅಂಚು ಸ್ವಲ್ಪ ಮೇಲೇಳುತ್ತದೆ. ಹೊಸ ಬೇರಿಂಗ್ ಹಾಕುವಾಗ ಆ ಅಂಚಿಗೆ ಸಿಕ್ಕಿಕೊಂಡು ಬಿಗಿ ಅನ್ನಿಸುತ್ತದೆ. ಆ ಚಕ್ರದ ಮೇಲಿನ ಭಾರ ಪೂರ್ತಿ ಆ ಮೂವತ್ತು ಚುಕ್ಕಿಗಳ ಮೇಲೆ. ಚಕ್ರ ತಿರುಗಿದಂತೆ ಚುಕ್ಕಿಗಳು ಒಂದೊಂದಾಗಿ ಚಪ್ಪಟೆ ಆಗುತ್ತವೆ, ಮತ್ತೆ ಸಂದು ಬೀಳುತ್ತದೆ. ಮೊದಲ ಸಲ ಐದು ತಿಂಗಳು, ಎರಡನೇ ಸಲ ನಾಲ್ಕು ತಿಂಗಳು. ಲೆಕ್ಕ ಸರಿಯಾಗಿಯೇ ಇತ್ತು.

ಬರೀ ಶಬ್ದದ ವಿಷಯ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಚಕ್ರ ಅಲ್ಲಾಡಿದರೆ ಅದರ ಜೊತೆ ಬ್ರೇಕ್ ಡಿಸ್ಕ್ ಕೂಡ ಅಲ್ಲಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ಮೊದಲ ತುಳಿತಕ್ಕೆ ಪೆಡಲ್ ಒಳಗೆ ಹೋಗುತ್ತದೆ, ಎರಡನೇ ತುಳಿತಕ್ಕೆ ಹಿಡಿಯುತ್ತದೆ. ನನಗೆ ಎರಡು ಸಲ ಹಾಗೆ ಆಗಿತ್ತು. ಈಗ ಮೈಸೂರು-ಬೆಂಗಳೂರು ದಶಪಥದಲ್ಲಿ ಎಲ್ಲರೂ ಹೋಗುವ ಸ್ಪೀಡ್ ನಿಮಗೇ ಗೊತ್ತು. ಅಲ್ಲಿ ಎರಡನೇ ತುಳಿತಕ್ಕೆ ಟೈಮ್ ಎಲ್ಲಿರುತ್ತದೆ?

ನಕಲ್ ಬಿಚ್ಚಿ, ಹಬ್ ಜೊತೆ ಚೀಲಕ್ಕೆ ಹಾಕಿಕೊಂಡು ಮಂಡಿ ಮೊಹಲ್ಲಾ ಕಡೆ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನರು ಮೊದಲು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಇದ್ದವರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೆ ಸ್ವಂತ ಲೇತ್ ಹಾಕಿಕೊಂಡರು. ಹಬ್ ಕೈಗೆ ತಗೊಂಡು, ಕನ್ನಡಕ ಹಣೆಗೆ ಏರಿಸಿ, ಮೈಕ್ರೋಮೀಟರಿನಲ್ಲಿ ಮೂರು ಕಡೆ ಅಳೆದರು. ಹಬ್‌ನ ಸೀಟು (ಬೇರಿಂಗ್ ಕೂರುವ ಜಾಗ) ಬೇರಿಂಗಿನ ತೂತಿಗಿಂತ ಒಂದಿಷ್ಟೇ ಇಷ್ಟು ದಪ್ಪ ಇರಬೇಕು, ಆಗಲೇ ಬಿಗಿ. ನಮ್ಮದು 0.06 ಮಿಲಿಮೀಟರ್ ಸಣ್ಣ ಇತ್ತು. ತಲೆಕೂದಲಿನ ದಪ್ಪ ಹತ್ತಿರ ಹತ್ತಿರ ಅಷ್ಟೇ.

"ಸೀಟೇ ಇಲ್ಲ ಸಾರ್ ಇದರಲ್ಲಿ. ಯಾವ ಬೇರಿಂಗ್ ಹಾಕಿದ್ರೂ ನಿಲ್ಲಲ್ಲ" ಅಂದರು.

ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಕಟ್ ಮಾಡಿ ಕೊಡಬಹುದಾ ಅಂತ ಕೇಳಿದೆ.

"ಮಾಡಬಹುದು. ನನ್ನ ಗಾಡಿ ಆಗಿದ್ರೆ ಮಾಡಲ್ಲ. ಹೊಸ ಹಬ್ ತನ್ನಿ, ಪ್ರೆಸ್ ನಾನ್ ಮಾಡ್ಕೊಡ್ತೀನಿ."

ಕೂಲಿ ಸಿಗುವ ಕೆಲಸವನ್ನು ಬೇಡ ಅಂತ ಹೇಳಿದ ಅವರ ಮೇಲೆ ನನಗೆ ತುಂಬ ಗೌರವ ಬಂತು. ಹೊಸ ಹಬ್, ಎರಡು ಬೇರಿಂಗ್, ಸೀಲುಗಳು ತಂದೆ. ಇದಕ್ಕೆಲ್ಲ ಆದ ಖರ್ಚು ನಾನು ಎರಡು ಸಲ ಗ್ಯಾರೇಜಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಗ್ಯಾರೇಜಿನವರು "ಹಬ್ ಸವೆದಿದೆ, ಅದನ್ನೂ ಹಾಕಬೇಕು" ಅಂದಿದ್ದರೆ ಮರುಮಾತಾಡದೆ ಕೊಡುತ್ತಿದ್ದೆ. ಹೇಳಲೇ ಇಲ್ಲ ಅನ್ನುವುದೇ ನನ್ನ ತಕರಾರು. ಗಿರಾಕಿಗಳಾದ ನಾವೂ "ಕಮ್ಮಿಯಲ್ಲಿ ಮುಗಿಸಪ್ಪಾ" ಅಂತ ಗೋಳು ಹುಯ್ದುಕೊಳ್ಳುತ್ತೇವೆ, ಒಪ್ಪುತ್ತೇನೆ. ಆದರೆ ಚಕ್ರ, ಬ್ರೇಕು, ಸ್ಟೀರಿಂಗ್ ಈ ಮೂರರಲ್ಲಿ ಸವೆದದ್ದನ್ನು ಮುಚ್ಚಿಟ್ಟು ಕೊಡುವುದು ತಪ್ಪೇ.

ಬೇರಿಂಗ್ ತಗೊಳ್ಳುವಾಗ ಅದರ ಮೇಲಿನ ನಂಬರ್ ಓದಲು ಕಲಿಯಿರಿ. ಕಷ್ಟ ಏನಿಲ್ಲ. ಉದಾಹರಣೆಗೆ 6205 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. 25 ಮಿಲಿಮೀಟರ್ ಒಳಗಿನ ತೂತು. 6206 ಆದರೆ 30. ಮುಂದೆ 2ಆರ್‌ಎಸ್ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ. ಸಿ3 ಅಂದರೆ ಗುಂಡುಗಳಿಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಸಡಿಲ. ಹಳೆಯದರ ಮೇಲೆ ಏನಿತ್ತೋ ಹೊಸದರ ಮೇಲೂ ಅದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿ. ನಕಲಿ ಮಾಲು ಇರುವುದು ನಿಜ, ಹಾಗಾಗಿ ಬಿಲ್ ಕೊಡುವ ಕಡೆಯೇ ತಗೊಳ್ಳಿ.

ಇನ್ನು ಕೂರಿಸುವ ಕೆಲಸ. ಇದನ್ನು ಮನೆಯಲ್ಲಿ ಸುತ್ತಿಗೆಯಿಂದ ಮಾಡಬೇಡಿ ಅಂತಲೇ ಹೇಳುತ್ತೇನೆ. ಬೇರಿಂಗನ್ನು ನಕಲ್ ಒಳಗೆ ತಳ್ಳುವಾಗ ಒತ್ತಡ ಹೊರಗಿನ ಬಳೆಯ ಮೇಲೆ ಮಾತ್ರ ಬೀಳಬೇಕು. ಹಬ್ಬನ್ನು ಬೇರಿಂಗಿನೊಳಗೆ ತಳ್ಳುವಾಗ ಒಳಗಿನ ಬಳೆಗೆ ಕೆಳಗಿನಿಂದ ಆಸರೆ ಇರಬೇಕು. ಇದು ತಿರುವುಮುರುವಾದರೆ ಒತ್ತಡ ಗುಂಡುಗಳ ಮೂಲಕ ಹಾಯುತ್ತದೆ. ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಗಾಡಿಗೆ ಹಾಕುವ ಮೊದಲೇ ಹಾಳಾಗಿರುತ್ತದೆ. ಯಜಮಾನರು ಹಳೇ ಬೇರಿಂಗಿನ ಹೊರಬಳೆಯನ್ನೇ ಮೇಲಿಟ್ಟು ಒತ್ತುವ ಯಂತ್ರದಲ್ಲಿ ಪ್ರೆಸ್ ಕೊಟ್ಟರು. ಎರಡು ಬೇರಿಂಗಿನ ನಡುವೆ ಅಂತರ ಕಾಯುವ ಒಂದು ಸ್ಪೇಸರ್ ಇದೆ, ಅದನ್ನು ಮರೆಯದೆ ಹಾಕಿದರು. ಹತ್ತು ನಿಮಿಷದ ಕೆಲಸ. ಹಬ್ ಒಳಗೆ ಇಳಿಯುವಾಗ ಪ್ರೆಸ್‌ನ ಹಿಡಿ ಉದ್ದಕ್ಕೂ ಒಂದೇ ಸಮ ಬಿಗಿಯಾಗಿತ್ತು. ನನ್ನ ಕೈಗೇ ಕೊಟ್ಟು ನೋಡಿಸಿದರು.

ವಾಪಸ್ ಜೋಡಿಸಿದ್ದು ಮಾರನೇ ದಿನ. ಎಲ್ಲ ನಟ್ಟನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹತ್ತಿಸಿ, ಆಮೇಲೆ ಪಾನಾ ಹಾಕಿ. ನಡುವಿನ ದೊಡ್ಡ ನಟ್ಟನ್ನು ಅಂದಾಜಿನಲ್ಲಿ ಬಿಗಿ ಮಾಡಬೇಡಿ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಎಷ್ಟು ಅಂತ ಕೊಟ್ಟಿರುತ್ತಾರೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಟ್ಟೇ ಮಾಡಿ. ಅದು ಬಿಗಿಯಾಗುವ ಮೊದಲು ಗಾಡಿಯನ್ನು ಉರುಳಿಸಲೇಬಾರದು. ಸ್ಪ್ಲಿಟ್ ಪಿನ್ ಹೊಸದೇ ಹಾಕಿ, ಎರಡು ರೂಪಾಯಿ ಮಾಲು. ಗಾಡಿ ತೆಗೆಯುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿ ಆಗುವವರೆಗೂ ತುಳಿಯಿರಿ. ವೀಲ್ ಅಲೈನ್‌ಮೆಂಟ್ ಅವತ್ತೇ ಮಾಡಿಸಿ.

ಮಧ್ಯೆ ಇನ್ನೊಂದು ಮಾತು. ಆಯುಧ ಪೂಜೆ ಬಂತು ಅಂದರೆ ನಮ್ಮೂರಿನಲ್ಲಿ ವಾಟರ್ ಸರ್ವಿಸ್ ಅಂಗಡಿ ಮುಂದೆ ಸಾಲು ಸಾಲು ಗಾಡಿ. ಪ್ರೆಷರ್ ಪೈಪನ್ನು ಚಕ್ರದ ನಡುಭಾಗಕ್ಕೆ, ಹಿಂದಿನಿಂದ ಹಬ್ ಹತ್ತಿರಕ್ಕೆ ನೇರ ಹಿಡಿಯಲು ಬಿಡಬೇಡಿ. ಹಳೇ ಸೀಲ್ ಆ ರಭಸ ತಡೆಯುವುದಿಲ್ಲ. ನೀರು ಒಳಗೆ ಹೋಗಿ ಗ್ರೀಸ್ ಜೊತೆ ಸೇರಿ ಬೆಳ್ಳಗೆ ಮಜ್ಜಿಗೆಯ ಹಾಗೆ ಆಗುತ್ತದೆ. ಕೆಸರು ಹೋಗಲು ಬಕೆಟ್ ನೀರು, ಬಟ್ಟೆ ಸಾಕು.

ಗಾಡಿ ಈಗ 600 ಕಿಲೋಮೀಟರ್ ಓಡಿದೆ. ನೂರು ಕಿಲೋಮೀಟರ್ ಆದಾಗ ಒಮ್ಮೆ, ಮೊನ್ನೆ ಒಮ್ಮೆ ಜಾಕ್ ಹಾಕಿ ಅಲ್ಲಾಡಿಸಿ ನೋಡಿದೆ. ಒಂಚೂರೂ ಆಟ ಇಲ್ಲ. ಪೆಡಲ್ ಮೊದಲ ತುಳಿತಕ್ಕೇ ಹಿಡಿಯುತ್ತದೆ.

ಎಡಗಡೆಯ ಹಬ್ ಇನ್ನೂ ಬಿಚ್ಚಿಲ್ಲ. ಶಬ್ದ ಇಲ್ಲ, ಆದರೂ ನೋಡದೆ ಸಮಾಧಾನ ಆಗುತ್ತಿಲ್ಲ. ಮುಂದಿನ ಭಾನುವಾರ ಬಿಚ್ಚುತ್ತೇನೆ. ಕುವೆಂಪುನಗರ, ಸರಸ್ವತಿಪುರಂ ಕಡೆಯವರು ಯಾರಾದರೂ ನೋಡಿ ಕಲಿಯಬೇಕು ಅಂದರೆ ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಬನ್ನಿ. ಪುಲ್ಲರ್, ಜಾಕ್ ಸ್ಟ್ಯಾಂಡ್ ಎರಡೂ ನನ್ನ ಹತ್ತಿರ ಇವೆ. ಬೇಕಾದವರು ಕೇಳಿ, ಕೊಡುತ್ತೇನೆ.